ಕಂಬಳಿ ಒರಟು ಎಂದು ಜರ್ಮನಿಗೆ ಬರೆದದ್ದು

ಮೊನ್ನೆ ಭಾನುವಾರ ಹೊಸದುರ್ಗದಿಂದ ನಮ್ಮ ಸೋದರತ್ತೆ ಬಂದರು. ಕೈಕಾಲು ತೊಳೆದು, ಕಾಫಿ ಕುಡಿದು, ನನ್ನ ಮಂಚದ ಮೇಲೆ ಮಡಿಸಿಟ್ಟಿದ್ದ ಕಂಬಳಿಯ ಮೇಲೆ ಕೈಯಾಡಿಸಿ, "ಅಯ್ಯಯ್ಯಪ್ಪ, ಎಷ್ಟು ರಫ್ ಐತಲ್ಲೇ ಇದು!" ಅಂದರು.

ಅಷ್ಟೇ ಅಂದದ್ದು. ಅದಕ್ಕೆ ನಾನು, "ಅತ್ತೆ, ಬೇಕಾದ್ರೆ ನನ್ನ ಬೈರಿ, ಆ ಶಬ್ದ ಮಾತ್ರ ಈ ಮನೇಲಿ ಎತ್ತಬೇಡ್ರಿ" ಎಂದು ಕೂಗಿಬಿಟ್ಟೆ. ಅತ್ತೆ ಹೆದರಿ ಅಪ್ಪನ ಮುಖ ನೋಡಿದರು. ಅಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ತಪ್ಪು ಯಾರದೆಂದು ಅವರಿಗೆ ಗೊತ್ತು.

ನಿಮಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ. ನನಗೆ ಡೈರಿ ಬರೆಯುವ ರೋಗವಿದೆ. ತಾರೀಖು ಹಾಕದೆ ಒಂದು ಚೀಟಿಯನ್ನೂ ಎತ್ತಿಡುವವಳಲ್ಲ. ಬಸ್ಸು ತಪ್ಪಿದ್ದು, ಹಾಲು ಒಡೆದದ್ದು, ಅಪ್ಪ ರೇಗಿದ್ದು ಎಲ್ಲಕ್ಕೂ ಗೆರೆ ಎಳೆಯುತ್ತೇನೆ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ. ಕಳೆದ ವರ್ಷದ ಡೈರಿಯಲ್ಲಿ 'ರಫ್' ಎಂಬ ತಲೆಬರಹದ ಕೆಳಗೆ ಎಷ್ಟು ಗೆರೆಗಳಿವೆಯೆಂದರೆ ಆ ಹಾಳೆ ಬಿದಿರು ತಟ್ಟಿಯ ಹಾಗೆ ಕಾಣುತ್ತದೆ. ಒಂದೊಂದು ಗೆರೆಯೂ ಆ ಒಂದು ಪದಕ್ಕಾಗಿ ಅಪ್ಪನಿಗೂ ನನಗೂ ಆದ ಒಂದೊಂದು ಜಗಳ.

ಎಲ್ಲ ಶುರುವಾದದ್ದು ಮೈಸೂರಿನಲ್ಲಿ. ದೊಡ್ಡಮ್ಮನ ಮನೆಯಲ್ಲಿದ್ದು ಬಿ.ಎ. ಓದುತ್ತಿದ್ದಾಗ ಇಂಗ್ಲಿಷಿನ ಜೊತೆಗೆ ಇನ್ನೊಂದು ಭಾಷೆ ತೆಗೆದುಕೊಳ್ಳಬೇಕಿತ್ತು. ಸಾಲಿನಲ್ಲಿ ನಿಂತು ನನ್ನ ಸರದಿ ಬರುವಷ್ಟರಲ್ಲಿ ಫ್ರೆಂಚ್ ಭರ್ತಿಯಾಗಿತ್ತು. ಗುಮಾಸ್ತರು ತಲೆಯೆತ್ತದೆ, "ಜರ್ಮನ್ ಇದೆ, ಹಾಕ್ಲಾ?" ಅಂದರು, ಹೋಟೆಲಿನಲ್ಲಿ ದೋಸೆ ಮುಗಿದಿದೆ, ಉಪ್ಪಿಟ್ಟು ಕೊಡಲಾ ಅನ್ನುವ ದನಿಯಲ್ಲಿ. ಹಾಕಿ ಅಂದೆ. ಆದರೆ ಆ ಉಪ್ಪಿಟ್ಟು ನನ್ನ ನಾಲಿಗೆಗೆ ಹತ್ತಿಬಿಟ್ಟಿತು. ಉದ್ದುದ್ದ ಪದಗಳನ್ನು ಬಿಡಿಸುವುದು, ಮತ್ತೆ ಜೋಡಿಸುವುದು, ಅದಕ್ಕೊಂದು ಪಟ್ಟಿ ಮಾಡುವುದು. ನನ್ನಂಥ ಗೆರೆ ಎಳೆಯುವವಳಿಗೆ ಹೇಳಿ ಮಾಡಿಸಿದ ಭಾಷೆ ಅದು.

ಡಿಗ್ರಿ ಮುಗಿಸಿ ಹಿರಿಯೂರಿಗೆ ಬಂದವಳು, ಬೆಂಗಳೂರಿನಲ್ಲಿ ಇನ್ನೆರಡು ವರ್ಷ ಜರ್ಮನ್ ಓದುತ್ತೇನೆ ಅಂದೆ. ಅಪ್ಪ ಅಂಗಡಿಯ ಗಲ್ಲಾದ ಮುಂದೆ ಕೂತಿದ್ದರು. ನಮ್ಮದು ಬಟ್ಟೆ ಅಂಗಡಿ. ಜೊತೆಗೆ ಅಪ್ಪ ಕಂಬಳಿ ನೇಕಾರರ ಸಂಘದ ಗೌರವ ಕಾರ್ಯದರ್ಶಿ. 'ಗೌರವ' ಅನ್ನುವುದನ್ನು ಅವರು ಎಂದೂ ಬಿಟ್ಟು ಹೇಳಿದವರಲ್ಲ.

"ಏನವ್ವ ಗಿರಿಜಾ, ವೇದಾವತಿ ದಂಡೆ ಮೇಲೆ ಕುಂತು ಜರ್ಮನ್ ಯಾರ ಹತ್ರ ಮಾತಾಡ್ತೀಯಾ? ಎಮ್ಮೆಗಳ ಹತ್ರವಾ?" ಅಂದರು.

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ಆ ಸಂಜೆ ಡೈರಿಯಲ್ಲಿ ಬರೆದುಕೊಂಡೆ: ಅಪ್ಪ ಸಭೆಯಲ್ಲಿ ಅವಮಾನಿಸಿದ್ದು, ಒಂದು ಗೆರೆ.

ಆ ಚಳಿಗಾಲದಲ್ಲೇ, ನಿಜವಾಗಿಯೂ, ಒಬ್ಬ ಜರ್ಮನ್ ಬಂದ. ಪೂನಾ ರಸ್ತೆಯಲ್ಲಿ ಉದ್ದ ಕೂದಲಿನ ಬಿಳಿಯರು ಬಣ್ಣ ಬಳಿದ ವ್ಯಾನುಗಳಲ್ಲಿ ಓಡಾಡುತ್ತಾರಲ್ಲ, ಅಂಥದೊಂದು ವ್ಯಾನು ನಮ್ಮೂರಿನ ಸೇತುವೆಯ ಹತ್ತಿರ ಹೊಗೆಯುಗುಳಿ ನಿಂತಿತು. ಅದರ ಯಜಮಾನ ಕ್ಲೈನ್ ಎಂಬವನು. ಉದ್ದ ಕೂದಲಿರಲಿಲ್ಲ, ಅರ್ಧ ಬೋಳು. ಅವನ ಊರಿನಲ್ಲಿ ಮನೆಸಾಮಾನಿನ ಅಂಗಡಿಯಂತೆ. ಇಂಗ್ಲಿಷು ಅಷ್ಟಕ್ಕಷ್ಟೆ. ಮೆಕ್ಯಾನಿಕ್ಕು ಅಪ್ಪನಿಗೆ ಹೇಳಿ ಕಳಿಸಿದ, ಅಪ್ಪ ನನ್ನನ್ನು ಎಳೆದುಕೊಂಡು ಹೋದರು. ಸುತ್ತ ಅರ್ಧ ಊರೇ ನಿಂತಿತ್ತು. ಜೀವಮಾನದಲ್ಲಿ ಮೊದಲ ಸಲ ನಿಜವಾದ ಜರ್ಮನನ ಎದುರು ನಿಂತು ನಾನು ನಮಸ್ಕಾರ ಹೇಳಿದೆ. ಆಮೇಲೆ ಏನೂ ಹೊಳೆಯದೆ, ಪಾಠಪುಸ್ತಕದ ಮೊದಲನೇ ವಾಕ್ಯ ಒಪ್ಪಿಸಿದೆ: "ರೈಲ್ವೆ ನಿಲ್ದಾಣ ಎಲ್ಲಿದೆ?"

ಕ್ಲೈನ್ ಗಂಭೀರವಾಗಿ ಯೋಚಿಸಿ, ಕ್ಷಮಿಸಿ, ನಾನು ಈ ಊರಿಗೆ ಹೊಸಬ, ಗೊತ್ತಿಲ್ಲ ಅಂದ.

"ಏನಂತೆ, ಏನಂತೆ?" ಎಂದು ಅಪ್ಪ ತಿವಿದರು. "ಚೆನ್ನಾಗಿದ್ದೀನಿ ಅಂದ್ರು" ಅಂದೆ.

ರಿಪೇರಿ ಸಂಜೆಗೆ ಮುಗಿಯಲಿಲ್ಲ. ತೆಳ್ಳನೆಯ ಅಂಗಿಯಲ್ಲಿ ನಡುಗುತ್ತ ನಿಂತಿದ್ದ ಅವನನ್ನು ಕೆಂಚವ್ವ ನೋಡಿದಳು. ಕೆಂಚವ್ವ ಸಂಘದ ಅಧ್ಯಕ್ಷ ಸಣ್ಣೀರಪ್ಪನ ಹೆಂಡತಿ; ಊರಾಚೆಯ ಹಟ್ಟಿಯಿಂದ ನೂಲು ತಂದಿದ್ದಳು. ಗಂಡ ಹೊದ್ದು ಬಂದಿದ್ದ ಕಂಬಳಿಯನ್ನು ಕಿತ್ತು ಕ್ಲೈನನ ಹೆಗಲಿಗೆ ಹಾಕಿ, "ಯಾವ ತಾಯಿ ಹೆತ್ತ ಮಗನೋ, ಹೊದ್ಕಳಪ್ಪ" ಅಂದಳು. ಮಾರನೇ ದಿನ ಅವನು ದುಡ್ಡು ತೆಗೆದರೆ ಮುಖ ತಿರುಗಿಸಿದಳು. ವ್ಯಾನು ಹೊರಟಾಗ ಕಂಬಳಿ ಅವನ ಜೊತೆಗೇ ಹೋಯಿತು.

ಕೆಲವು ತಿಂಗಳ ಮೇಲೆ ಅವನಿಂದ ಕಾಗದ ಬಂತು, ಜರ್ಮನ್ ಭಾಷೆಯಲ್ಲಿ, ಸಂಘದ ವಿಳಾಸಕ್ಕೆ. ನನ್ನ ಅಂಗಡಿಗೆ ನಿಮ್ಮ ಕಂಬಳಿ ತರಿಸಬೇಕೆಂದಿದ್ದೇನೆ, ಮಾಲಿನ ವಿವರ ಬರೆಯಿರಿ ಎಂದಿದ್ದ. ನಾನು ಓದಿ ಹೇಳಿದೆ. ಅಪ್ಪ ಎದ್ದು ನಿಂತರು, ಕೂತರು, ಮತ್ತೆ ಎದ್ದರು, ಮತ್ತೆ ಕೂತರು.

"ಈ ಆರ್ಡರ್ ಒಂದು ಬರ್ಲಿ ಕಣವ್ವ, ನಿನ್ನ ಬೆಂಗಳೂರಿಗೆ ಕಳಿಸೋದು ನನ್ನ ಜವಾಬ್ದಾರಿ. ಅಂಗಡಿ ಗದ್ದಿಗೆ ಮೇಲೆ ಕುಂತು ಹೇಳ್ತಾ ಇದೀನಿ."

ಈಗ ನೀವೇ ಹೇಳಿ, ಎಷ್ಟು ಸುಲಭದ ಕೆಲಸ! ಅಪ್ಪ ಕನ್ನಡದಲ್ಲಿ ಹೇಳಬೇಕು, ನಾನು ಜರ್ಮನ್‌ನಲ್ಲಿ ಬರೆಯಬೇಕು, ಅಂಚೆಗೆ ಹಾಕಬೇಕು. ಒಂದು ಬೆಳಗಿನ ಮಾತು.

ಆದರೆ ಅಪ್ಪ ಗೌರವ ಕಾರ್ಯದರ್ಶಿ.

"ಫಾರಿನ್‌ಗೆ ಹೋಗೋ ಕಾಗದ ಅಂದ್ರೆ ಮೊದ್ಲು ಇಂಗ್ಲಿಷ್‌ನಾಗೆ ಡ್ರಾಫ್ಟ್ ಆಗ್ಬೇಕು."

"ಯಾಕಪ್ಪ? ಅವನಿಗೆ ಇಂಗ್ಲಿಷ್ ಬೇಡ, ನಿಮಗೆ ಬರೋದು ಕನ್ನಡ."

"ಫೈಲ್ ಕಾಪಿ ಬೇಡ್ವಾ? ಅಧ್ಯಕ್ಷರು ಸಹಿ ಹಾಕ್ಬೇಕು. ತಾವು ಯಾವ್ದಕ್ಕೆ ಸಹಿ ಹಾಕ್ತಿದೀವಿ ಅಂತ ಅವ್ರಿಗೆ ತಿಳೀಬೇಡ್ವಾ?"

"ಸಣ್ಣೀರಪ್ಪನವ್ರಿಗೆ ಇಂಗ್ಲಿಷ್ ಬರಲ್ಲ."

"ಬರ್ದಿದ್ರೆ ಏನಾತು? ಪ್ರೊಸೀಜರ್ ಪ್ರೊಸೀಜರ್ರೇ."

ಹೀಗೆ ನಮ್ಮ ಕಾಗದ ಹಿರಿಯೂರಿನಿಂದ ಜರ್ಮನಿಗೆ ಇಂಗ್ಲೆಂಡಿನ ಮೇಲೆ ಹಾದು ಹೊರಟಿತು. ಅಪ್ಪ ಕನ್ನಡದಲ್ಲಿ ಯೋಚಿಸುವುದು, ನಿಘಂಟು ನೋಡಿ ಇಂಗ್ಲಿಷಿನಲ್ಲಿ ಬರೆಯುವುದು, ಸಂಘದ ಟೈಪ್‌ರೈಟರು ಕೆಟ್ಟಿದ್ದರಿಂದ ದುರ್ಗದ ಬಸ್ಸು ಹತ್ತಿ ಟೈಪು ಮಾಡಿಸಿಕೊಂಡು ಬರುವುದು, ಅದನ್ನು ನನ್ನ ಕೈಗಿಟ್ಟು "ಒಂದಕ್ಷರ ಬಿಡದಂಗೆ ಭಾಷಾಂತರಿಸು" ಅನ್ನುವುದು. ಮೊದಲನೇ ಡ್ರಾಫ್ಟಿನ ಮೊದಲನೇ ಸಾಲಿನಲ್ಲೇ ಕೂತಿತ್ತು ಅದು: ನಮ್ಮ ಕಂಬಳಿಗಳು ಬಹಳ ರಫ್.

ನಾನು ಮೈಸೂರಿನಿಂದ ತಂದಿದ್ದ ಜರ್ಮನ್ ನಿಘಂಟು ತೆಗೆದೆ. ಆ ಪದದ ಎದುರಿಗೆ ಅರ್ಧ ಪುಟ. ಒಂದು 'ರೌ': ಮುಟ್ಟಿದರೆ ತರಿತರಿ ಅನ್ನುವುದು, ಕಟ್ಟಿದ ಗಂಟಲು. ಒಂದು 'ಗ್ರೋಬ್': ದಪ್ಪ ನೂಲಿನ ಬಟ್ಟೆಗೂ ಸರಿ, ಮರ್ಯಾದೆಯಿಲ್ಲದ ಮನುಷ್ಯನಿಗೂ ಸರಿ. ಒಂದು 'ರೋ': ಹಸಿ, ಕೆಲಸ ಮುಗಿಯದ್ದು. 'ಹೋಲ್‌ಪ್ರಿಗ್' ಅನ್ನುವುದು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಗೆ. 'ಶ್ಟುರ್ಮಿಶ್' ಸಮುದ್ರಕ್ಕೆ. 'ಉನ್‌ಗೆಫೇರ್' ಅಂದಾಜು ಲೆಕ್ಕಕ್ಕೆ. ಇಂಗ್ಲಿಷಿನವರು ಒಂದೇ ಚೀಲದಲ್ಲಿ ಇಷ್ಟನ್ನೂ ತುಂಬಿ ಗಂಟು ಹಾಕಿ ಇಟ್ಟಿದ್ದಾರೆ. ಜರ್ಮನರು ಒಂದೊಂದಕ್ಕೂ ಬೇರೆ ಬೇರೆ ಡಬ್ಬಿ ಮಾಡಿ ಮುಚ್ಚಳ ಹಾಕಿದ್ದಾರೆ. ಯಾವ ಡಬ್ಬಿ ತೆಗೆಯಲಿ?

"ಅಪ್ಪ, ರಫ್ ಅಂದ್ರೆ ನಿಮ್ಮ ಮನಸ್ಸಿನಲ್ಲಿ ಏನೈತೆ?"

"ರಫ್ ಅಂದ್ರೆ ರಫ್. ಅದ್ರಾಗೆ ಕೇಳೋದೇನೈತೆ?"

"ಮುಟ್ಟಿದ್ರೆ ಚುಚ್ಚುತ್ತೆ ಅಂತಾನಾ?"

"ಚುಚ್ಚುತ್ತೆ ಅಂತ ಯಾವನಾದ್ರೂ ಮಾರೋನು ಬರೀತಾನೇನೇ? ಗಟ್ಟಿಮುಟ್ಟು ಅಂತ. ರಫ್ ಯೂಸಿಗೆ ಬರುತ್ತೆ ಅಂತೀವಲ್ಲ."

"ಹಂಗಾದ್ರೆ ಗಟ್ಟಿ ಅಂತ ಬರೀತೀನಿ."

"ಡ್ರಾಫ್ಟ್‌ನಾಗೆ ರಫ್ ಅಂತೈತೆ. ನೀನು ಗಟ್ಟಿ ಅಂತ ಬರೆದ್ರೆ ಫೈಲ್ ಕಾಪಿಗೂ ಅದಕ್ಕೂ ತಾಳೆ ಆಗಲ್ಲ."

ಒಂದು ಗೆರೆ. ಡ್ರಾಫ್ಟು ತಿದ್ದಿ ಅಂದೆ. ಅಪ್ಪ ತಿದ್ದಿದರು, ದುರ್ಗಕ್ಕೆ ಹೋದರು, ಬಂದರು. ನೋಡಿದರೆ: 'ಬಹಳ ರಫ್' ಹೋಗಿ 'ಅತ್ಯಂತ ರಫ್' ಆಗಿತ್ತು. ಇನ್ನೊಂದು ಗೆರೆ.

ತಪ್ಪು ತಿಳಿಯಬೇಡಿ, ಕಂಬಳಿಯ ಒರಟು ನನಗೆ ಗೊತ್ತಿಲ್ಲದ್ದಲ್ಲ. ತಾಳ್ಯದಲ್ಲಿದ್ದ ಅಜ್ಜಿಯ ಮನೆಗೆ ರಜಕ್ಕೆ ಹೋದರೆ ಮೊಮ್ಮಕ್ಕಳೆಲ್ಲ ಸಾಲಾಗಿ ಒಂದೇ ಕಂಬಳಿಯ ಕೆಳಗೆ ಮಲಗುತ್ತಿದ್ದೆವು. ಕುತ್ತಿಗೆ, ಕಿವಿ, ಮೊಣಕಾಲಿನ ಹಿಂದೆ ಎಲ್ಲ ಚುಚ್ಚುತ್ತಿತ್ತು. "ಅಜ್ಜಿ, ಕಂಬಳಿ ಕಚ್ಚುತ್ತೆ" ಎಂದು ಅಳುತ್ತಿದ್ದೆ. "ಕಚ್ಚಲಿ ಬಿಡು, ಅದಕ್ಕೂ ನಿನ್ನ ಗುರುತು ಸಿಗಬೇಡ್ವಾ? ನಾಕು ದಿನ ಹೋಗ್ಲಿ, ಸುಮ್ಮನಾಗುತ್ತೆ" ಅನ್ನುತ್ತಿದ್ದಳು ಅಜ್ಜಿ, ಕಂಬಳಿ ಹೊಸದಾಗಿ ಮನೆಗೆ ತಂದ ನಾಯಿಯೇನೋ ಎಂಬಂತೆ. ನಿಜಕ್ಕೂ ರಜ ಮುಗಿಯುವ ಹೊತ್ತಿಗೆ ಅದು ಸುಮ್ಮನಾಗಿರುತ್ತಿತ್ತು. ಕಂಬಳಿಯೋ, ನಾವೋ, ಯಾರು ಮೆತ್ತಗಾದದ್ದೆಂದು ನನಗೆ ಇವತ್ತಿಗೂ ತಿಳಿಯದು. ಈಗ ಹೇಳಿ, ಇದಕ್ಕೆ ಯಾವ ಡಬ್ಬಿ?

ಕೊನೆಗೆ, ನೇಯುವವರನ್ನೇ ಕೇಳೋಣ ಎಂದು ಹಟ್ಟಿಗೆ ಹೋದೆ. ಸಣ್ಣೀರಪ್ಪನ ಮಗ್ಗದ ಮನೆಯ ಹೊರಗೆ ಅಂಗಳದಲ್ಲಿ ಹೊಸ ಕಂಬಳಿಗಳನ್ನು ಬಿಸಿಲಿಗೆ ಹಾಸಿದ್ದರು. ನಾನು ನಿಘಂಟು ಎದೆಗೊತ್ತಿಕೊಂಡು, ಪದ ಯೋಚಿಸುತ್ತ, ನೇರ ಅದರ ಅಂಚಿನ ಮೇಲೆ ಕಾಲಿಟ್ಟೆ.

"ಯವ್ವಾ, ಚಪ್ಪಲಿ!" ಎಂದು ಕೆಂಚವ್ವ ಒಳಗಿನಿಂದ ಕಿರುಚಿದಳು. ನಾನು ಹೌಹಾರಿ ಹಿಂದಕ್ಕೆ ಹಾರಿದೆ. ನಿಘಂಟು ಕೆಳಗೆ ಬಿತ್ತು.

"ಬರ್ರಿ, ಚಪ್ಪಲಿ ಆ ಕಡೆ ಬಿಟ್ಟು ಬರ್ರಿ, ಕುಂತ್ಕಳ್ರಿ" ಎಂದು ಸಣ್ಣೀರಪ್ಪ ಸಮಾಧಾನ ಮಾಡಿದ. ನಾನು ಆಗತಾನೇ ತುಳಿದ ಕಂಬಳಿಯನ್ನೇ ಒಳಗೆ ತಂದು ಕೊಡವಿ ಹಾಸಿದ. "ಕುಂತ್ಕಳಾಕೆ, ಮಲಗಾಕೆ ಅಡ್ಡಿ ಇಲ್ಲ. ಮದುವೇನಾಗೂ ಕಂಬಳಿ ಹಾಸಿ, ಅದರ ಮ್ಯಾಲೆ ಅಕ್ಕಿ ಇಟ್ಟು, ಕಳಸ ಇಟ್ಟು, ಗದ್ದಿಗೆ ಅಂತ ಕೈ ಮುಗೀತೀವಿ. ಮೆಟ್ಟು ಮಾತ್ರ ತಾಗಬಾರ್ದು."

ನಾನು ತಪ್ಪಾಯಿತು ಅಂದು, ಬಂದ ಕೆಲಸ ಹೇಳಿದೆ. ನಿಮ್ಮ ಕಂಬಳಿ ಹೇಗೈತೆ ಅಂತ ಕ್ಲೈನನಿಗೆ ಬರೆಯಬೇಕು?

"ಒರಟಾಗೈತೆ ಅಂತ ಬರೀರಿ" ಅಂದ ಸಣ್ಣೀರಪ್ಪ.

ನನ್ನ ಹಣೆಬರಹ ನೋಡಿ.

"ಒರಟು ಅಂದ್ರೆ ಅವರು ಬೇಡ ಅಂದ್ಬಿಟ್ರೆ? 'ಒರಟು, ಆದ್ರೆ ಗಟ್ಟಿ' ಅಂತ ಬರೀಲಾ?"

"'ಆದ್ರೆ' ಯಾಕವ್ವ?" ಕೆಂಚವ್ವ ನೂಲುವುದನ್ನು ನಿಲ್ಲಿಸಿ ಕೇಳಿದಳು. "ತಪ್ಪು ಮಾಡಿ ಸಿಗಾಕ್ಕಂಡೋರು ಹೇಳ್ದಂಗೆ. ಒರಟು, ಅದಕ್ಕೇ ಗಟ್ಟಿ."

ಮನೆಗೆ ಬಂದು ಹಾಗೇ ಬರೆದೆ: ರೌ, ಅದಕ್ಕೇ ಗಟ್ಟಿ. ಡ್ರಾಫ್ಟಿಗೂ ತಾಳೆಯಾಯಿತು, ಅಪ್ಪನೂ ಒಪ್ಪಿದರು. ಸಣ್ಣೀರಪ್ಪ ಇಂಗ್ಲಿಷ್ ಪ್ರತಿಗೂ ಜರ್ಮನ್ ಪ್ರತಿಗೂ ಒಂದೇ ಶ್ರದ್ಧೆಯಿಂದ ಸಹಿ ಹಾಕಿದ. ಕಾಗದವನ್ನು ಅಂಚೆಯ ಡಬ್ಬಕ್ಕೆ ಹಾಕಿ ನಾಲ್ಕು ಹೆಜ್ಜೆ ಬಂದಿರಬೇಕು, ಆಗ ಹೊಳೆಯಿತು: ಕ್ಲೈನನ ಮನೆಯಲ್ಲಿ ಕಂಬಳಿಯೇ ಇದೆಯಲ್ಲ! ಕೈ ಚಾಚಿ ಮುಟ್ಟಿದರೆ ತಿಳಿಯುವುದನ್ನು ಅವನಿಗೆ ತಿಳಿಸಲು ನಾವು ಮೂರು ಭಾಷೆಗಳಲ್ಲಿ, ಇಡೀ ಒಂದು ಬೇಸಿಗೆ, ಊಟ ಬಿಟ್ಟು ಜಗಳವಾಡಿದ್ದೆವು.

ರಸ್ತೆಯ ಮಧ್ಯೆ ನಿಂತು ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಟೋಪಿ ಸರಿಮಾಡಿಕೊಂಡು, "ಅದು ಸ್ಯಾಂಪಲ್ಲು ಕಣವ್ವ. ಇದು ಕರೆಸ್ಪಾಂಡೆನ್ಸು. ಎರಡೂ ಬೇರೆ" ಅಂದರು.

ಉತ್ತರ ಬಂದದ್ದು ಮಳೆಗಾಲದಲ್ಲಿ. ಅಂಗಡಿಯಲ್ಲಿ ನಿಂತೇ ಒಡೆದೆ. ಇನ್ನೂರು ಕಂಬಳಿ! ನಾನು ಓದಿ ಹೇಳುತ್ತಲೇ ಅಪ್ಪ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಕೇಳುವಂತೆ, "ನಮ್ಮ ಗಿರಿಜಾ ಬೆಂಗಳೂರಿಗೆ ಹೋಗ್ತಾಳ್ರಪ್ಪೋ" ಎಂದು ಕೂಗಿದರು. ಯಾರೋ ಬಾಳೆಹಣ್ಣು ತಂದರು. ನಾನು ಬಾಳೆಹಣ್ಣು ತಿನ್ನುತ್ತ ಕಾಗದದ ಕೆಳಗಿನ ಅರ್ಧ ಓದಿದೆ. ಓದಿ, ತಿನ್ನುವುದನ್ನು ನಿಲ್ಲಿಸಿದೆ.

ಅಲ್ಲೊಂದು ಉದ್ದ ಪದವಿತ್ತು, 'ಫೂಸ್' ಎಂದು ಶುರುವಾಗುವುದು. ಫೂಸ್ ಅಂದರೆ ಕಾಲು, ಅಷ್ಟು ಗೊತ್ತು. ಉಳಿದದ್ದು ಸರಿಯಾಗಿ ತಿಳಿದಿಲ್ಲವೇನೋ ಎಂದು ಮನೆಗೆ ಓಡಿ ನಿಘಂಟು ತೆಗೆದೆ. ಜೀವನದಲ್ಲಿ ಮೊದಲ ಬಾರಿಗೆ, ನನ್ನ ಜರ್ಮನ್ ತಪ್ಪಾಗಿರಲಿ ಎಂದು ಹಾರೈಸಿದೆ. ತಪ್ಪಾಗಿರಲಿಲ್ಲ. ಈ ಒಂದು ಪದಕ್ಕೆ ಮಾತ್ರ ಆರು ಅರ್ಥಗಳಿರಲಿಲ್ಲ. ಒಂದೇ ಅರ್ಥ. ಕಾಲೊರೆಸು.

ನಮ್ಮಲ್ಲಿ ಚಳಿಗಾಲದಲ್ಲಿ ಹಿಮ, ಕೆಸರು ಬಹಳ, ಎಂದಿದ್ದ ಕ್ಲೈನ್. ನೀವೇ ಬರೆದಂತೆ ಕಂಬಳಿ ಒರಟು ಮತ್ತು ಗಟ್ಟಿ. ಕತ್ತರಿಸಿ ಬಾಗಿಲ ಮುಂದೆ ಹಾಕಿದರೆ ಬೂಟು ಉಜ್ಜಲು ಇದಕ್ಕಿಂತ ಒಳ್ಳೆಯದು ಸಿಗದು. ನಮ್ಮ ಗಿರಾಕಿಗಳು ಇಷ್ಟಪಡುತ್ತಾರೆ.

ಅಪ್ಪ ಮನೆಗೆ ಬಂದಾಗ ಹೇಳಿದೆ. ಅವರು ಟೋಪಿ ತೆಗೆದು ಗೂಟಕ್ಕೆ ಹಾಕಿದರು.

"ಅವ್ರ ಕಾಲು, ಅವ್ರ ಬಾಗ್ಲು. ನಮಗ್ಯಾಕೆ?"

ನಾನು ಕಾಗದವನ್ನು ಅವರ ಮುಂದೆ ಹಿಡಿದೆ.

"ಆ ಸಾಲು ಬಿಟ್ಟು ಓದು. ಇನ್ನೂರು ಅನ್ನೋದನ್ನ ಮಾತ್ರ ಓದು. ಜರ್ಮನ್ ಬರೋದು ಈ ಜಿಲ್ಲೆಗೆಲ್ಲ ನಿನಗೊಬ್ಳಿಗೇ ತಾನೇ?"

ಅದೇ ನನ್ನನ್ನು ಕಾಡುತ್ತಿದ್ದ ಮಾತು. ನನಗೊಬ್ಬಳಿಗೇ. ಸುಮ್ಮನಿದ್ದರೆ ಸಂಘಕ್ಕೆ ಇನ್ನೂರು ಕಂಬಳಿಯ ಕೆಲಸ, ನನಗೆ ಬೆಂಗಳೂರು. ಸಣ್ಣೀರಪ್ಪ ಯಾವ ಜನ್ಮದಲ್ಲಿ ಕ್ಲೈನನ ಊರಿಗೆ ಹೋಗಿ ಬಾಗಿಲ ಮುಂದೆ ಬಗ್ಗಿ ನೋಡುತ್ತಾನೆ? ಹಟ್ಟಿಯ ಅಂಗಳದಲ್ಲಿ ಕೇಳಿದ "ಯವ್ವಾ, ಚಪ್ಪಲಿ!" ಎಂಬ ಕಿರುಚು ಕಿವಿಯಲ್ಲಿ ಇನ್ನೂ ಇತ್ತು. ಅದರ ಮೇಲೆ, ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ! ಒಂದು ಪದ ಆಚೀಚೆ ಆಗಬಾರದೆಂದು ಬೇಸಿಗೆಯೆಲ್ಲ ನನ್ನ ಪ್ರಾಣ ತಿಂದವರು ಈಗ ಇಡೀ ಸಾಲನ್ನೇ ನುಂಗು ಅನ್ನುತ್ತಿದ್ದಾರೆ.

"ಆಗ್ಲಿ ಅಪ್ಪ" ಅಂದೆ. "ಫೈಲ್ ಕಾಪಿಗೆ ಏನು ಮಾಡಾಣ? ಕಾಗದ ಅರ್ಧ ಪುಟ, ಭಾಷಾಂತರ ಎರಡು ಸಾಲು. ತಾಳೆ ಆಗುತ್ತಾ?"

ಅಪ್ಪ ಗೂಟದಿಂದ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಎಲ್ಲ ನನ್ನ ತಪ್ಪೇ. ನಡಿ, ಹಟ್ಟಿಗೆ ಹೋಗಾಣ."

ಮಗ್ಗದ ಮನೆಯ ಹೊರಗೆ ಇಬ್ಬರೂ ಚಪ್ಪಲಿ ಬಿಟ್ಟೆವು. ಅಪ್ಪ ತಮ್ಮ ಚಪ್ಪಲಿಯನ್ನು ಎಂದಿಗಿಂತ ದೂರ ಸರಿಸಿ ಇಟ್ಟದ್ದನ್ನು ನೋಡಿದೆ. ನಾನು ಕಾಗದವನ್ನು ಕನ್ನಡದಲ್ಲಿ, ಒಂದು ಸಾಲೂ ಬಿಡದೆ ಓದಿದೆ. ಇನ್ನೂರು ಅನ್ನುವಾಗ ಸಣ್ಣೀರಪ್ಪನ ಮುಖ ಅರಳಿತು. ಬೂಟು ಅನ್ನುವಾಗ ಅವನ ಕೈ ಮಗ್ಗದ ಮೇಲೆ ನಿಂತಿತು.

"ಕತ್ತರಿಸಿ?" ಅಂದ.

"ಹೂಂ."

"ನೂಲಿಗೆ ಹುಣಸೇಬೀಜದ ಗಂಜಿ ಕುಡಿಸಿ, ಎಳೆ ಎಳೆ ತಿದ್ದಿ ನೇಯ್ದಿದ್ನ ಕತ್ತರಿಸಿ ಮೆಟ್ಟು ಒರೆಸ್ತಾನಾ?" ಸಿಟ್ಟಿನಿಂದ ಕೇಳಲಿಲ್ಲ, ಯಾರದೋ ಸಾವಿನ ಸುದ್ದಿ ಸರಿಯಾಗಿ ಕೇಳಿಸಿತೇ ಎಂದು ಮತ್ತೆ ಕೇಳಿದ ಹಾಗಿತ್ತು. ಆಮೇಲೆ ಅಪ್ಪನ ಕಡೆ ತಿರುಗಿ, "ಸಾವ್ಕಾರ್ರೆ, ಆಗಾಕಿಲ್ಲ ಅಂತ ಬರಸ್ರಿ. ಕೆಲಸ ಬೇಕು ನಮಗೆ. ಆದ್ರೆ ಇದು ಆಗಾಕಿಲ್ಲ" ಅಂದ.

ಅಪ್ಪ ತಲೆಯಾಡಿಸಿ ಜೇಬಿನಿಂದ ಪೆನ್ನು ತೆಗೆದರು. "ವಿ ರಿಗ್ರೆಟ್ ಟು ಇನ್‌ಫಾರ್ಮ್ ಯು..." ಎಂದು ಮೆಲ್ಲಗೆ ಶುರುಮಾಡಿದರು.

"ಅದೆಲ್ಲ ಬ್ಯಾಡ ಸಾವ್ಕಾರ್ರೆ" ಅಂದಳು ಕೆಂಚವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಏನವ್ವ, ಆತ ಚಳಿಯಾಗೆ ನಡುಗ್ತಿದ್ದಾಗ ನಾನು ಒಂದು ಹೊದಿಸಿದ್ನಲ್ಲ, ಈತಂದು. ಅದನ್ನೂ ಕತ್ತರಿಸಿ ಬಾಗ್ಲಿಗೆ ಹಾಕ್ಯಾನಾ? ಅದನ್ನ ಕೇಳು. ಬೇರೆ ಏನೂ ಬ್ಯಾಡ, ಅದನ್ನ ಮಾತ್ರ ಕೇಳು."

ನಾನು ಅಪ್ಪನನ್ನು ನೋಡಿದೆ. ಡ್ರಾಫ್ಟು? ಅಪ್ಪ ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು.

ಅಲ್ಲೇ, ಕಂಬಳಿಯ ಮೇಲೆ ಕೂತು, ಕನ್ನಡದಿಂದ ನೇರವಾಗಿ ಬರೆದೆ. ಕಂಬಳಿಗೆ ಮೆಟ್ಟು ತಾಗಿಸುವುದು ನಮ್ಮಲ್ಲಿಲ್ಲ, ಅದರ ಮೇಲೆ ಕಳಸವಿಟ್ಟು ಕೈ ಮುಗಿಯುತ್ತೇವೆ, ಕಾಲೊರೆಸಿಗೆ ಕೊಡಲಾರೆವು. ನಿಮಗೆ ಹೊದಿಸಿದ್ದು ಈಗ ಎಲ್ಲಿದೆ ಎಂದು ಕೆಂಚವ್ವ ಕೇಳುತ್ತಾಳೆ. ನಿಘಂಟು ಮನೆಯಲ್ಲೇ ಉಳಿದಿತ್ತು. ಬೇಕಾಗಲಿಲ್ಲ. ಬಸ್ಸಿಲ್ಲ, ಟೈಪಿಲ್ಲ, ಒಂದು ಗೆರೆಯೂ ಇಲ್ಲ. ಬರೆದು ಮುಗಿಸಿದ ಮೇಲೆ, ಇಷ್ಟು ಸಲೀಸಾಗಿ ಬರೆದದ್ದು ನನ್ನ ಬೆಂಗಳೂರನ್ನು ಕಳೆದುಕೊಳ್ಳುವ ಕಾಗದವನ್ನು ಎಂದು ಹೊಳೆದು ಅಳು ಬಂತು. ಕಂಬಳಿ ಚುಚ್ಚಿತು ಎಂದು ಹೇಳಿ ಕಣ್ಣೊರೆಸಿಕೊಂಡೆ.

ಆಮೇಲೆ ಮನೆಯಲ್ಲಿ ಯಾರೂ ಜರ್ಮನಿಯ ಮಾತೆತ್ತಲಿಲ್ಲ. ಬಾಳೆಹಣ್ಣು ತಂದಿದ್ದವರು ಮಾತ್ರ, "ಯಾವಾಗವ್ವ ಬೆಂಗಳೂರು?" ಎಂದು ಕೇಳುತ್ತಲೇ ಇದ್ದರು. ಅದಕ್ಕೂ ಗೆರೆ ಎಳೆಯುತ್ತಿದ್ದೆ, ಒಂದು ದಿನ ಬೇಸತ್ತು ಬಿಟ್ಟೆ.

ಹೋದ ತಿಂಗಳು ಕ್ಲೈನನ ಕಾಗದ ಬಂತು. ಈ ಸಲ ಅಪ್ಪ ಒಡೆಯುವ ಮೊದಲೇ ಹಟ್ಟಿಗೆ ನಡಿ ಅಂದರು. ಒಳಗೆ ಒಂದು ಫೋಟೋ ಇತ್ತು: ಕಿಟಕಿಯ ಪಕ್ಕ ಕುರ್ಚಿಯಲ್ಲಿ ಒಬ್ಬ ಮುದುಕಿ, ಸೊಂಟದಿಂದ ಪಾದದವರೆಗೆ ನಮ್ಮ ಕಪ್ಪು ಕಂಬಳಿ. ಅಮ್ಮ, ಎಂದು ಬರೆದಿದ್ದ ಕ್ಲೈನ್. ಅದು ಬಂದ ದಿನದಿಂದ ಇವರ ಮಡಿಲಲ್ಲೇ ಇದೆ, ನನಗೇ ಮುಟ್ಟಲು ಕೊಡುವುದಿಲ್ಲ. ನಿಮ್ಮ ಕಾಗದ ಓದಿ ಹೇಳಿದೆ. ಅಂಗಡಿಯವನ ಬುದ್ಧಿ ನಿನ್ನದು ಎಂದು ನನ್ನನ್ನು ಬೈದರು. ಕಾಲೊರೆಸಿನ ಮಾತು ಮರೆತುಬಿಡಿ. ಅಮ್ಮನ ಅಕ್ಕನಿಗೆ ಇಂಥದೇ ಒಂದು ಬೇಕಂತೆ. ಒಂದೇ ಒಂದು. ಕಳಿಸುತ್ತೀರಾ?

ಕೆಂಚವ್ವ ಫೋಟೋವನ್ನು ಬೆಳಕಿಗೆ ಹಿಡಿದಳು. "ಕಾಲು ಪೂರ್ತಿ ಮುಚ್ಚೈತೆ" ಅಂದಳು ತೃಪ್ತಿಯಿಂದ. "ಅಜ್ಜಿಗೆ ಚುಚ್ಚಲ್ಲಂತಾ?"

"ಅದೇನೂ ಬರೆದಿಲ್ಲ."

"ಚುಚ್ಚುತ್ತೆ. ಹೇಳ್ಕಂಡಿಲ್ಲ ಅಷ್ಟೆ."

ದಾರಿಯಲ್ಲಿ ವಾಪಸು ಬರುವಾಗ ಅಪ್ಪ ಏನೋ ಲೆಕ್ಕ ಹಾಕುತ್ತ ನಡೆಯುತ್ತಿದ್ದರು. ಸೇತುವೆಯ ಹತ್ತಿರ ಬಂದಾಗ ಕೆಮ್ಮಿದರು.

"ಗಿರಿಜಾ, ಅವತ್ತು ನಾನು ಅಂಗಡಿಯಾಗೆ ಏನಂದಿದ್ದೆ?"

"ಆರ್ಡರ್ ಬಂದ್ರೆ ಬೆಂಗಳೂರಿಗೆ ಕಳಿಸ್ತೀನಿ ಅಂದಿದ್ರಿ."

"ಎಷ್ಟು ಕಂಬಳಿ ಆರ್ಡರ್ ಅಂತ ಹೇಳಿದ್ನಾ?"

"ಇಲ್ಲ."

"ಇಲ್ಲ ತಾನೇ? ಒಂದಾದ್ರೂ ಆರ್ಡರ್ ಆರ್ಡರ್ರೇ. ಪ್ರೊಸೀಜರ್ ಪ್ರಕಾರ ಅದಕ್ಕೂ ಒಂದು ಫೈಲ್ ಆಗುತ್ತೆ."

ಆ ಮಾತು ಅಂದವರ ಮುಖವನ್ನು ನಾನು ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ಕಷ್ಟವಾಗುತ್ತಿತ್ತು. ಇದೇ ಪ್ರೊಸೀಜರನ್ನು ನಾನು ಬೇಸಿಗೆಯೆಲ್ಲ ಶಪಿಸಿದ್ದೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಸೋದರತ್ತೆ ಬಂದಿರುವುದು ನನ್ನನ್ನು ಬೀಳ್ಕೊಡಲಿಕ್ಕೆ. ಮಂಚದ ಮೇಲಿರುವ ಕಂಬಳಿ ಕೆಂಚವ್ವ ಕಳಿಸಿದ್ದು. ಕ್ಲೈನನ ದೊಡ್ಡಮ್ಮನಿಗೆ ನೇಯ್ದಾಗ ಅದರ ಜೊತೆಯಲ್ಲೇ ನನಗೂ ಒಂದು ನೇಯಿಸಿದ್ದಾಳೆ. ನಿನ್ನೆ ಅದನ್ನು ಹೊದ್ದು ಮಲಗಿದ್ದೆ. ಕುತ್ತಿಗೆ, ಕಿವಿ, ಮೊಣಕಾಲಿನ ಹಿಂದೆ ಎಲ್ಲ ಕಚ್ಚಿಹಾಕಿದೆ. ಕಚ್ಚಲಿ, ಗುರುತು ಸಿಗಲಿ.

ಇಷ್ಟು ಬರೆಯುವಷ್ಟರಲ್ಲಿ ಅಪ್ಪ ಹೊರಗಿನಿಂದ ಕೂಗುತ್ತಿದ್ದಾರೆ. ಹಾಸ್ಟೆಲಿನ ವಾರ್ಡನ್ನರಿಗೆ ಕೊಡಲು ಇಂಗ್ಲಿಷಿನಲ್ಲಿ ಒಂದು ಕಾಗದ ಡ್ರಾಫ್ಟ್ ಮಾಡಿದ್ದಾರಂತೆ. ನನ್ನ ಮಗಳ ಸ್ವಭಾವ ಹೀಗೆ ಎಂದು ತಿಳಿಸುವ ಒಂದೇ ಒಂದು ಪದ ಮಾತ್ರ ಬಾಕಿ ಇದೆಯಂತೆ. ಬಂದು ಹೇಳು ಅನ್ನುತ್ತಿದ್ದಾರೆ.

ನಾನು ಕಂಬಳಿ ಮುಸುಕು ಹಾಕಿಕೊಂಡಿದ್ದೇನೆ.